ಹೊರಗಿನ ಗಡಿಯಾರ

ಮೀನಿನ ಬಾಲ ಇನ್ನೂ ಅರ್ಧವಾಗಿತ್ತು. ಅಷ್ಟರಲ್ಲಿ ಕೊಳವೇ ಮಾಯವಾಯಿತು.

ಪರದೆಯ ನಡುವಿನ ಕಿಟಕಿ ಮೊದಲು ಮಂಜು ಕವಿದಂತೆ ಬೆಳ್ಳಗಾಯಿತು, ಆಮೇಲೆ ಕಪ್ಪಾಯಿತು, ಕೊನೆಗೆ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಅದರ ಹಿಂದಿದ್ದ ಹೊಸ ಕಂಪ್ಯೂಟರಿನ ಬೋಳು ನೀಲಿಯಷ್ಟೇ ಉಳಿಯಿತು. ಅದರ ಮೇಲೆ, ವರ್ಚುವಲ್ ಮೆಷಿನ್ ಅನಿರೀಕ್ಷಿತವಾಗಿ ನಿಂತುಹೋಗಿದೆ ಎಂದು ಹೇಳುವ ಪುಟ್ಟ ಚೌಕ. ತಂಗಿ ಮೌಸಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ಹೆಗಲ ಹಿಂದೆ ಸ್ಟೂಲು ಹಾಕಿಕೊಂಡು ಕೂತಿದ್ದ ಅಕ್ಕ ಮುಂದಕ್ಕೆ ಬಾಗಿದಳು.

"ಸೇವ್ ಮಾಡಿದ್ಯಾ?"

"ಇಲ್ಲ."

"ಎಷ್ಟು ಸಲ ಹೇಳ್ಲಿ ಪುಟ್ಟಿ! ಒಂದೊಂದು ಮೀನು ಆದ ಕೂಡ್ಲೇ ಸೇವ್ ಮಾಡ್ಬಿಡು ಅಂತ..."

"ನೀನು ಹೇಳ್ದಾಗೆಲ್ಲ ಮಾಡ್ತಾನೇ ಇದೀನಿ ಅಕ್ಕ. ನೀನು ಉಸಿರು ತಗೊಳೋ ಗ್ಯಾಪಲ್ಲಿ ಬೀಳುತ್ತೆ ಅದು."

ಪಕ್ಕದ ಕೋಣೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಅಕ್ಕನ ಗಂಡ ಅಲ್ಲಿಂದಲೇ ಕೂಗಿದ. "ಏನು, ಬಾಡಿಗೆದಾರ ಮತ್ತೆ ಮನೆ ಖಾಲಿ ಮಾಡಿದ್ನಾ?"

"ಹೂಂ ಭಾವ. ಮೀನನ್ನೂ ಕಟ್ಕೊಂಡು ಹೋದ," ಎಂದಳು ತಂಗಿ. ಮಾತಿನಲ್ಲಿ ನಗೆಯಿತ್ತು, ಮುಖದಲ್ಲಿ ಇರಲಿಲ್ಲ. ಅಕ್ಕ ನೋಡಿದ್ದು ಮುಖವನ್ನು.

ಬಾಡಿಗೆದಾರನೆಂದರೆ ತಂಗಿಯ ಹಳೆಯ ಕಂಪ್ಯೂಟರು. ಅದರ ಡಬ್ಬ ಗುಜರಿ ಸೇರಿ ಬಹಳ ದಿನವಾಗಿತ್ತು. ಸೇರುವ ಮುಂಚೆ ಅಕ್ಕ ಅದರ ಡಿಸ್ಕನ್ನು ಪೂರ್ತಿ ನಕಲು ಮಾಡಿಟ್ಟುಕೊಂಡಿದ್ದಳು. ಈಗ ಅದನ್ನೇ ತಂದು ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮೆಷಿನ್ ಆಗಿ ಕೂರಿಸಿದ್ದಳು. ಹೊಸದರ ಪರದೆಯಲ್ಲಿ ಒಂದು ಕಿಟಕಿ ತೆರೆದುಕೊಳ್ಳುವುದು. ಆ ಕಿಟಕಿಯೊಳಗೆ ಹಳೆಯದು ತನ್ನ ಹಸಿರು ಗುಡ್ಡದ ಚಿತ್ರ, ತನ್ನ ಮೂಲೆಯ ಗಡಿಯಾರ ಸಮೇತ ಕಣ್ಣುಜ್ಜಿಕೊಂಡು ಎದ್ದು ಕೂರುವುದು. ತನ್ನ ಮೈ ಎಂದೋ ಹೋಯಿತು, ತಾನೀಗ ಇರುವುದು ಇನ್ನೊಬ್ಬರ ಮನೆಯಲ್ಲಿ ಎನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ. ಮೊದಲ ಸಲ ಅದು ಎದ್ದಾಗ ತಂಗಿ ಪರದೆಯ ಮೇಲೆ ಬೆರಳಿಟ್ಟು, "ಅಯ್ಯೋ, ನನ್ನ ಗುಡ್ಡ," ಎಂದಿದ್ದಳು. ಎಷ್ಟೋ ತಿಂಗಳ ಮೇಲೆ ಅವಳು ತಾನಾಗಿ ಆಡಿದ ಮಾತು ಅದು.

ತಂಗಿ ರತ್ನಗಂಬಳಿ ಮಿಲ್ಲಿಗೆ ವಿನ್ಯಾಸ ಬರೆಯುವವಳು. ಚೌಕುಳಿ ಚೌಕುಳಿಯಾದ ಪರದೆಯ ಮೇಲೆ ಒಂದು ಚೌಕಕ್ಕೆ ಒಂದು ಗಂಟು, ಒಂದು ಗಂಟಿಗೆ ಒಂದು ಬಣ್ಣ. ಮಿಲ್ಲಿನ ಮಗ್ಗಕ್ಕೆ ಅರ್ಥವಾಗುವುದು ಯಾವುದೋ ಕಾಲದ ಒಂದು ಪ್ರೋಗ್ರಾಮಿನ ಭಾಷೆ ಮಾತ್ರ. ಆ ಪ್ರೋಗ್ರಾಮು ಏಳುವುದು ಆ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅದರೊಳಗೆ ಅರ್ಧಕ್ಕೆ ನಿಂತ ರತ್ನಗಂಬಳಿಯೊಂದಿತ್ತು. ಮಕ್ಕಳ ಆಸ್ಪತ್ರೆಯೊಂದರ ಪಡಸಾಲೆಗೆಂದು ಬರೆಯಹೊರಟ ಕೊಳ: ಅಂಚಿಗೆ ಜೊಂಡು, ನಡುವೆ ನೀರು, ನೀರಿನಡಿ ಮೀನು. ಚಿಕಿತ್ಸೆಗೆ ಬಂದ ಮಕ್ಕಳು ಅದರ ಮೇಲೆ ಕಾಲು ಚಾಚಿ ಕೂರಬೇಕು. ಮಿಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಇಷ್ಟು ದಿನ ಕಾದಿದ್ದಳು. ಮೊನ್ನೆ ಫೋನು ಮಾಡಿ, "ಸೋಮವಾರ ಮಗ್ಗಕ್ಕೆ ಏರಿಸಲೇಬೇಕು ಕಣಮ್ಮ. ಕೈಲಿ ಆಗಲ್ಲ ಅಂದ್ರೆ ಮುಚ್ಚುಮರೆ ಬೇಡ, ಬೇರೆಯವರು ಮುಗಿಸ್ತಾರೆ. ಬೇಜಾರು ಮಾಡ್ಕೋಬೇಡ," ಎಂದಿದ್ದಳು. ಫೋನಿಟ್ಟ ಮೇಲೆ ತಂಗಿ, "ಅಕ್ಕ, ಇದೊಂದನ್ನ ನಾನೇ ಮುಗಿಸ್ಬೇಕು," ಎಂದಳು. ಬೇಕು ಎಂಬ ಮಾತು ಅವಳ ಬಾಯಿಂದ ಬರುವುದನ್ನೇ ಅಕ್ಕ ಒಂದು ವರ್ಷದಿಂದ ಕಾದಿದ್ದಳು.

ಆ ವರ್ಷದ ಬಗ್ಗೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ತಂಗಿ ಮೊದಲು ಕೆಲಸಕ್ಕೆ ಹೋಗುವುದನ್ನು ಬಿಟ್ಟಳು, ಆಮೇಲೆ ಊಟ ಬಿಟ್ಟಳು, ಆಮೇಲೆ ಮಾತು. ಒಂದು ದಿನ ತನ್ನ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡವಳು ಯಾರು ಕರೆದರೂ ತೆಗೆಯಲಿಲ್ಲ. ಬಡಗಿ ಬಂದು ಚಿಲಕ ಮುರಿಯಬೇಕಾಯಿತು. ಒಳಗೆ ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು, ಅಷ್ಟೆ. ಆದರೆ ಚಿಲಕ ಮುರಿಯುವವರೆಗಿನ ಆ ಹೊತ್ತು ಅಕ್ಕನ ಎದೆಯಲ್ಲಿ ಮನೆ ಮಾಡಿಬಿಟ್ಟಿತು. ತಂಗಿಯನ್ನು ತನ್ನ ಮನೆಗೆ ಕರೆತಂದ ದಿನ, ಹಾಸಿಗೆ ಬಿಡಿಸುವುದಕ್ಕೂ ಮುಂಚೆ, ಅಕ್ಕ ಅವಳಿಗೆಂದು ಕೊಟ್ಟ ಈ ಕೋಣೆಯ ಬಾಗಿಲಿನ ಒಳಗಿನ ಚಿಲಕ ಬಿಚ್ಚಿ ತೆಗೆದಿದ್ದಳು. ಬಣ್ಣ ಮಾಸಿದ ಬಾಗಿಲ ಮೇಲೆ ಚಿಲಕವಿದ್ದ ಜಾಗ ಮಾತ್ರ ಹೊಸದರಂತೆ ಹಾಗೇ ಉಳಿದಿತ್ತು, ನಾಲ್ಕು ತೂತುಗಳ ಸಮೇತ.

ಅಕ್ಕನದು ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ. ತಪ್ಪು ಎಲ್ಲಿ ಅಡಗಿ ಕೂತಿದೆಯೆಂದು ಹುಡುಕುವುದು ಅವಳಿಗೆ ರಕ್ತದಲ್ಲೇ ಬಂದಿತ್ತು. ಬಾಡಿಗೆದಾರ ಬೀಳತೊಡಗಿದ ಮೇಲೆ ಕರಡುಗಳನ್ನು ಬದಿಗಿಟ್ಟು ಅವಳು ಇದನ್ನೇ ತಿದ್ದಲು ಕೂತಳು. ಚಿತ್ರದ ವೇಗ ಹೆಚ್ಚಿಸುವ ಸೌಲಭ್ಯ ಆಫ್ ಮಾಡಿ ನೋಡಿದಳು. ಡ್ರೈವರುಗಳನ್ನು ಬದಲಿಸಿದಳು. ಹೊಸದರ ಡಬ್ಬ ಬಿಚ್ಚಿ, ಮೆಮರಿಯ ಪಟ್ಟಿಗಳನ್ನು ಹೊರಗೆಳೆದು, ಅವುಗಳ ಹೊಳೆಯುವ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಅಪರಿಚಿತರು ಎಲ್ಲೆಲ್ಲೋ ಕೂತು ಬರೆದ ಪ್ರಶ್ನೋತ್ತರಗಳನ್ನು ಓದಿದಳು. ಪ್ರತಿ ಸಲ ಅದು ಬಿದ್ದಾಗಲೂ ಅವಳಿಗೆ ಅನಿಸುತ್ತಿದ್ದುದು ಒಂದೇ: ಪಾಪ, ಹಳೆಯದು, ಅದಕ್ಕೆ ಏನೋ ಸಾಲುತ್ತಿಲ್ಲ. ಸೆಟ್ಟಿಂಗಿನಲ್ಲಿ ಮೆಮರಿಯ ಗೆರೆಯೊಂದಿತ್ತು, ಎಡದಿಂದ ಅರ್ಧ ಹಸಿರು, ಆಮೇಲೆ ಕೆಂಪು. ಅದರ ಮೇಲಿನ ಗುಂಡಿಯನ್ನು ಅವಳು ಪ್ರತಿ ಸಲವೂ ಇಷ್ಟಿಷ್ಟೇ ಬಲಕ್ಕೆ ಸರಿಸುತ್ತಿದ್ದಳು. ಊಟಕ್ಕೆ ಬಡಿಸುವಾಗ, ಸಾಕು ಎಂದು ತಂಗಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಇನ್ನೊಂದು ಸೌಟು ಸುರಿಯುವಂತೆ.

ಬಿದ್ದದ್ದು ತಾನಾಗಿ ಏಳದೆ ಹೋದಾಗ ಎಬ್ಬಿಸುವುದಕ್ಕೆ ಒಂದು ದಾರಿಯಿತ್ತು. ಅಕ್ಕ ಆಗಾಗ ಬಾಡಿಗೆದಾರನ ಆ ಗಳಿಗೆಯ ಅಚ್ಚು ತೆಗೆದಿಡುತ್ತಿದ್ದಳು. ಬಿದ್ದರೆ, ಹಿಂದಿನ ಅಚ್ಚಿಗೆ ಮರಳಬಹುದು. ಮರಳಿದಾಗ ಒಳಗಿನ ಗಡಿಯಾರವೂ ಹಿಂದಕ್ಕೆ ಹೋಗುತ್ತಿತ್ತು. ಈ ಸಲವೂ ಹಾಗೇ ಆಯಿತು: ಹೊರಗೆ ಶನಿವಾರದ ಮಧ್ಯಾಹ್ನ, ಕಿಟಕಿಯ ಪರದೆಯಲ್ಲಿ ಸೋಸಿದ ಬಿಸಿಲು, ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು. ಒಳಗೆ ಇನ್ನೂ ಗುರುವಾರದ ಬೆಳಗು, ಮೀನು ಹುಟ್ಟೇ ಇಲ್ಲ.

"ಅಲ್ಲಿ ಇನ್ನೂ ಮೊನ್ನೆ," ಎಂದಳು ತಂಗಿ, ಖಾಲಿ ನೀರನ್ನು ನೋಡುತ್ತ. "ನನ್ನದೂ ಒಂದು ಅಚ್ಚು ತೆಗೆದಿಟ್ಟಿದ್ರೆ ಚೆನ್ನಾಗಿತ್ತಲ್ವಾ ಅಕ್ಕ? ಬೀಳೋಕೆ ಮುಂಚಿಂದು."

ಅಕ್ಕ ಏಳಹೋದಳು. "ಹಾಲು ತರ್ತೀನಿ ಇರು."

"ಈಗ ತಾನೇ ಕುಡಿದೆ."

"ಅದು ಬೆಳಿಗ್ಗೆದು."

"ಅಕ್ಕ." ತಂಗಿ ಕುರ್ಚಿ ತಿರುಗಿಸಿದಳು. "ನೀನು ಒಂಚೂರು ಹೊರಗೆ ಕೂತ್ಕೋತೀಯಾ? ಬೆನ್ನ ಹಿಂದೆ ನೀನಿದ್ರೆ ಕೈ ಓಡಲ್ಲ. ಮೀನಿಗೂ ಗೊತ್ತಾಗುತ್ತೆ."

"ಮತ್ತೆ ಬಿದ್ರೆ?"

"ಬಿದ್ರೆ ಎತ್ತೋಣ."

"ಆಗಲ್ಲ ಕಣೇ. ನಾನು ನೋಡ್ತಿರ್ಬೇಕು. ಯಾಕೆ ಬೀಳುತ್ತೆ ಅಂತ ಗೊತ್ತಾಗೋದಾದ್ರೂ ಹೇಗೆ?" ಎಂದು ಅಕ್ಕ ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡಳು. ತಂಗಿ ಮತ್ತೆ ತಿರುಗಿ, ಮೊದಲಿಂದ, ಮೀನಿನ ಕಣ್ಣಿಗೆ ಒಂದು ಕಪ್ಪು ಚೌಕ ಇಟ್ಟಳು.

ಆ ಮಧ್ಯಾಹ್ನ ಇಬ್ಬರೂ ಯಾವುದೋ ನೀರಿನಡಿಯಲ್ಲಿ ಕೂತಂತಿತ್ತು. ಪರದೆಯ ಹಸಿರುನೀಲಿ ತಂಗಿಯ ಕೆನ್ನೆಯ ಮೇಲೆ ಅಲೆಯಾಡುತ್ತಿತ್ತು. ಅವಳ ಬೆರಳು ಕ್ಲಿಕ್, ಕ್ಲಿಕ್ ಎನ್ನುತ್ತಿತ್ತು. ಪ್ರತಿ ಕ್ಲಿಕ್ಕಿಗೂ ಒಂದು ಗಂಟು, ಒಂದು ಹುರುಪೆ. ಅಕ್ಕನ ಕಣ್ಣು ಎಳೆದು ಎಳೆದು ತಂದರೂ ಜಾರುತ್ತಿತ್ತು. ತಾನೂ ತಂಗಿಯೂ ಚಿಕ್ಕವರಿದ್ದಾಗ ಒಂದೇ ಹೊದಿಕೆಯಡಿ ಮಲಗುತ್ತಿದ್ದುದು ಅರೆನಿದ್ದೆಯಲ್ಲಿ ತೇಲಿಬಂತು: ತಂಗಿಗೆ ಚಳಿಯಾದೀತೆಂದು ಅವಳು ಹೊದಿಕೆಯನ್ನೆಲ್ಲ ಅತ್ತ ತಳ್ಳಿ, ಬೆಳಗಾಗುವಷ್ಟರಲ್ಲಿ ತಾನು ನಡುಗುತ್ತ ಎದ್ದು ಕೂತಿರುವಳು, ತಂಗಿ ಬೆವೆತು ಹೊದಿಕೆ ಒದ್ದಿರುವಳು.

"ಅಕ್ಕ, ಈಗ ಬೀಳುತ್ತೆ ನೋಡು."

ಅಕ್ಕ ಬೆಚ್ಚಿ ಕಣ್ಣು ಬಿಟ್ಟಳು. ಕಿಟಕಿಯೊಳಗೆ ಎಲ್ಲವೂ ಸರಿಯಾಗಿತ್ತು. ಮೀನು ಇತ್ತು, ನೀರು ಇತ್ತು. "ಎಲ್ಲಿ? ಚೆನ್ನಾಗಿದೆಯಲ್ಲ."

"ಒಳಗಡೆ ಅಲ್ಲ. ಹೊರಗಿನ ಗಡಿಯಾರ ನೋಡು. ನಿಂತು ಎಷ್ಟೊತ್ತಾಯ್ತು." ತಂಗಿ ಪರದೆಯ ಕೆಳಮೂಲೆ ತೋರಿಸಿದಳು, ಕಿಟಕಿಯಿಂದಾಚೆ, ಹೊಸ ಕಂಪ್ಯೂಟರಿನ ಗಡಿಯಾರವಿದ್ದಲ್ಲಿ. "ಯಾವಾಗ್ಲೂ ಹಂಗೇನೇ. ಮೊದ್ಲು ಅದು ನಿಲ್ಲುತ್ತೆ. ಡಬ್ಬದ ಫ್ಯಾನು ಏದುಸಿರು ಬಿಡುತ್ತೆ. ಆಮೇಲೆ ನನ್ನದು ಬೀಳುತ್ತೆ."

ಮಾತು ಮುಗಿಯುವಷ್ಟರಲ್ಲಿ ಕಿಟಕಿ ಬೆಳ್ಳಗಾಗಿ, ಕಪ್ಪಾಗಿ, ಮುಚ್ಚಿಕೊಂಡಿತು. ಈ ಸಲ ಅಕ್ಕ ಅದನ್ನು ನೋಡಲೇ ಇಲ್ಲ. ಅವಳ ಕಣ್ಣು ಮೂಲೆಯ ಗಡಿಯಾರದಲ್ಲಿತ್ತು. ಕಿಟಕಿ ಮುಚ್ಚಿದ ಮೇಲೆ, ಮುಳುಗಿದವರು ಮೇಲೆ ಬಂದು ಉಸಿರೆಳೆದುಕೊಂಡ ಹಾಗೆ, ಅದು ಒಮ್ಮೆಲೇ ಹಲವು ನಿಮಿಷ ಮುಂದಕ್ಕೆ ಜಿಗಿಯಿತು.

"ಇದನ್ನ ಮೊದ್ಲೇ ಯಾಕೆ ಹೇಳಲಿಲ್ಲ ನೀನು?"

"ನೀನು ಕೇಳಿದ್ದು ಸೇವ್ ಮಾಡಿದ್ಯಾ ಅಂತ ಮಾತ್ರ."

ಅಕ್ಕ ಮೌಸನ್ನು ತನ್ನತ್ತ ಎಳೆದುಕೊಂಡು ಸೆಟ್ಟಿಂಗು ತೆರೆದಳು. ಮೆಮರಿಯ ಗುಂಡಿ ಕೆಂಪಿನ ತುದಿಯ ಹತ್ತಿರ ಬಂದು ನಿಂತಿತ್ತು. ದಿನವೂ ನೋಡುತ್ತಿದ್ದ ಗೆರೆಯೇ. ಅದರ ಬಲಗಡೆ ಉಳಿದ ಚೂರು ಯಾರ ಪಾಲಿನದೆಂದು ಅವಳು ಯೋಚಿಸಿದ್ದೇ ಇಲ್ಲ. ಇದ್ದಬದ್ದದ್ದನ್ನೆಲ್ಲ ಒಳಗಿನದಕ್ಕೆ ಬಡಿಸಿ, ಹೊರಗಿನದನ್ನು ಉಪವಾಸ ಕೆಡವಿದ್ದಳು. ಅದು ತಾಳುವಷ್ಟು ತಾಳಿ, ಉಸಿರು ಕಟ್ಟಿದಾಗ ಒಳಗಿನದನ್ನು ಎತ್ತಿ ಹಾಕುತ್ತಿತ್ತು. ಹಳೆಯದಕ್ಕಾದರೋ ಅಷ್ಟೊಂದು ಬೇಕಾಗಿಯೂ ಇರಲಿಲ್ಲ; ತನ್ನ ಕಾಲದಲ್ಲಿ ಅದು ಇದರ ಕಾಲುಭಾಗಕ್ಕಿಂತ ಕಡಿಮೆಯಲ್ಲಿ ಸುಖವಾಗಿ ಬದುಕಿತ್ತು.

ಹಾಗಾದರೆ ಎಲ್ಲಕ್ಕಿಂತ ಮೊದಲ ಸಲ ಬಿದ್ದದ್ದು? ಆಗ ಏನೂ ಹೆಚ್ಚು ಕೊಟ್ಟಿರಲಿಲ್ಲವಲ್ಲ. ನೆನೆಯುತ್ತ ಹೋದಂತೆ ಆ ದಿನದ ದೀಪ ನೆನಪಾಯಿತು, ಮಂಕಾಗಿ ಮತ್ತೆ ಉರಿದದ್ದು. "ರೀ," ಎಂದು ಕೂಗಿದಳು. "ಬಾಡಿಗೆದಾರ ಮೊದಲನೇ ಸಲ ಬಿದ್ದ ದಿನ ನೀವು ಎಲ್ಲಿದ್ರಿ?"

"ಇದೇನೇ ಪೊಲೀಸರ ಥರ? ಇಲ್ಲೇ ಇದ್ದೆ. ಇಸ್ತ್ರಿ ಹಾಕ್ತಿದ್ದೆ. ಆ ಸ್ವಿಚ್ಚಲ್ಲಿ ಚಟ್ ಅಂತ ಕಿಡಿ ಹಾರ್ತು, ಆವತ್ತಿಂದ ಈ ಕಡೆ ಪ್ಲಗ್ಗಿಗೆ ಹಾಕ್ತೀನಿ. ಯಾಕೆ?"

"ಏನಿಲ್ಲ." ಮೊದಲ ಸಲ ಕೆಡವಿದ್ದು ಇಸ್ತ್ರಿಪೆಟ್ಟಿಗೆ, ಆಮೇಲಿನದೆಲ್ಲ ತನ್ನದೇ ಕೈ.

ತಂಗಿ ತುಟಿ ಬಿಗಿಹಿಡಿದಳು. ಆದರೂ ನಗು ಮೂಗಿನಿಂದ ಹೊರಬಂತು. ಈ ಸಲ ಅದು ಮುಖಕ್ಕೂ ಬಂತು.

ಅಕ್ಕ ಗುಂಡಿಯನ್ನು ಎಡಕ್ಕೆ ಸರಿಸಿದಳು. ಕೆಂಪು ದಾಟಿ ಹಸಿರಿಗೆ ಬಂದಾಗ ಕೈ ತಾನಾಗಿ ನಿಂತಿತು. ಇಷ್ಟು ಕಡಿಮೆ ಸಾಕೇ ಎನಿಸಿತು. ಇನ್ನೂ ಸ್ವಲ್ಪ ಸರಿಸಿದಳು. ಪ್ರೊಸೆಸರಿನಲ್ಲೂ ಮುಕ್ಕಾಲು ಪಾಲು ಹೊರಗಿನದಕ್ಕೇ ಬಿಟ್ಟಳು. ಹಸಿರು ಗುಡ್ಡ ಎದ್ದಿತು. ಕೊಳ ತುಂಬಿತು. ಹೊರಗಿನ ಗಡಿಯಾರ ಒಂದು ನಿಮಿಷ ಮುಂದೆ ಹೋಯಿತು, ಇನ್ನೊಂದು ನಿಮಿಷ ಹೋಯಿತು. ಫ್ಯಾನು, ತೊಟ್ಟಿಲಲ್ಲಿ ಮಲಗಿದ ಮಗುವಿನ ಉಸಿರಿನಷ್ಟು ಮೆತ್ತಗೆ ತಿರುಗುತ್ತಿತ್ತು.

ಭಾನುವಾರ ಬೆಳಿಗ್ಗೆ ಎದ್ದಾಗಲೂ ಬಾಡಿಗೆದಾರ ಮನೆಯಲ್ಲೇ ಇದ್ದ. ತಂಗಿ ಆಗಲೇ ಕುರ್ಚಿಯಲ್ಲಿದ್ದಳು. ಮೂರು ಮೀನು ಈಜುತ್ತಿದ್ದವು, ನಾಲ್ಕನೆಯದು ಜೊಂಡಿನ ಹಿಂದಿಂದ ಇಣುಕುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಸೇವ್ ಎಂಬ ಮಾತು ಗಂಟಲವರೆಗೆ ಬಂತು, ನುಂಗಿಕೊಂಡಳು. ಹಾಲಿಗೆ ಒಲೆ ಹಚ್ಚಿ, ಹಾಲು ಕಾಯುವಷ್ಟರಲ್ಲಿ ಅಡುಗೆಮನೆಯ ಕೆಳಗಿನ ಡ್ರಾಯರು ಎಳೆದಳು. ಹಳೆಯ ಬೀಗದ ಕೈ, ಸುತ್ತಿಟ್ಟ ದಾರ, ಸತ್ತ ಬ್ಯಾಟರಿಗಳ ಅಡಿಯಲ್ಲಿ ಕಾಗದದಲ್ಲಿ ಸುತ್ತಿದ ಚಿಲಕ ಇತ್ತು.

ಅವಳು ಸ್ಕ್ರೂಡ್ರೈವರು ಹಿಡಿದು ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತದ್ದನ್ನು ಗಂಡ ನೋಡಿದ. ಓದುತ್ತಿದ್ದ ಪತ್ರಿಕೆ ಮಡಚಿ ಹೊರಗೆ ಹೋದ. ತಂಗಿಯ ಕ್ಲಿಕ್ ಕ್ಲಿಕ್ ಒಂದು ಗಳಿಗೆ ನಿಂತಿತು. ಅಕ್ಕ ತಲೆಯೆತ್ತಲಿಲ್ಲ. ನಾಲ್ಕು ತೂತಿಗೆ ಮೂರೇ ಸ್ಕ್ರೂ ಸಿಕ್ಕಿದ್ದವು. ಚಿಲಕ ಕೊಂಚ ಓರೆಯಾಗಿ ಕೂತಿತು, ಆದರೆ ಗಟ್ಟಿಯಾಗಿ ಕೂತಿತು.

"ಹಾಲು ಉಕ್ಕುತ್ತೆ ಅಕ್ಕ," ಎಂದಳು ತಂಗಿ, ಮೆಲ್ಲಗೆ.

ಅಕ್ಕ ಓಡಿಹೋಗಿ ಒಲೆ ಆರಿಸಿ, ಲೋಟಕ್ಕೆ ಹಾಲು ಬಗ್ಗಿಸಿಕೊಂಡು ಬಂದಳು. ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಅವಳು ಅದರೆದುರು ನಿಂತಿದ್ದಂತೆ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಸವರಿದ ಸದ್ದಾಯಿತು: ಮೊದಲು ತಡವರಿಸಿ, ಆಮೇಲೆ ಒಮ್ಮೆಗೇ. ಬಾಗಿಲಿನಡಿಯ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಸ್ವಲ್ಪ ಹೊತ್ತು ನಿಂತಿತ್ತು, ಆಮೇಲೆ ಸರಿದುಹೋಯಿತು. ಕುರ್ಚಿ ಕಿರುಗುಟ್ಟಿತು. ಏನೂ ಇಲ್ಲ. ಬೀದಿಯಲ್ಲೊಂದು ಸೈಕಲ್ಲಿನ ಗಂಟೆ.

ಕ್ಲಿಕ್.

ಮತ್ತೊಂದು. ಮತ್ತೆ ಒಂದರ ಹಿಂದೊಂದು, ಆತುರವಿಲ್ಲದೆ, ತೊಟ್ಟಿಕ್ಕುವ ನೀರಿನ ಹಾಗೆ.

ಅಕ್ಕ ಬಾಗಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕೈಯಲ್ಲಿದ್ದ ಲೋಟ ಇನ್ನೂ ಬೆಚ್ಚಗಿತ್ತು. ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿ, ಅವಳು ಹಾಲನ್ನು ನಿಧಾನವಾಗಿ, ತಳದವರೆಗೆ, ತಾನೇ ಕುಡಿದಳು.