ಎಂಟನೆಯ ಖರ್ಜೂರದ ಬೀಜ

ಬಲಾಟ್ ಅನ್ನುವ ಊರಿನಲ್ಲಿ ಯಾರಿಗೇ ಹುಷಾರು ತಪ್ಪಲಿ, ಪೇಟೆಯ ಆಸ್ಪತ್ರೆಗೆ ಮೂವತ್ತೈದು ಕಿಲೋಮೀಟರ್ ಮರಳುಗಾಡಿನ ದಾರಿ. ಆಂಬುಲೆನ್ಸ್ ಪೇಟೆಯಿಂದ ಬಂದು ಮತ್ತೆ ಪೇಟೆಗೇ ಹೋಗಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಎಲ್ಲರೂ ಓಡುವುದು ಶಾಝಲಿಯ ಮನೆಗೆ. ಅವನ ಹಳೆಯ ಏಳು ಸೀಟಿನ ಟ್ಯಾಕ್ಸಿಯಲ್ಲಿ ಹೆರಿಗೆ ನೋವಿನವರೂ ಹೋಗಿದ್ದಾರೆ, ಚೇಳು ಕಡಿಸಿಕೊಂಡವರೂ ಹೋಗಿದ್ದಾರೆ.

ಆ ಕಾರಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು ಸತ್ತು ಹನ್ನೆರಡು ವರ್ಷವಾಗಿತ್ತು. ಅದಕ್ಕೆ ಅವನಪ್ಪ ಒಂದು ಉಪಾಯ ಮಾಡಿದ್ದ. ಪೇಟೆ ಮುಟ್ಟಿದಾಗಲೆಲ್ಲ ಒಂದು ಖರ್ಜೂರ ತಿಂದು, ಬೀಜವನ್ನು ಕಾರಿನ ಬೂದಿತಟ್ಟೆಗೆ ಹಾಕುವುದು. ಏಳನೆಯ ಬೀಜ ಬಿತ್ತೋ, ಅಲ್ಲೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಬೀಜ ಚೆಲ್ಲಿ, ಆಮೇಲೆಯೇ ಊರಿನ ಕಡೆ ತಿರುಗುವುದು. ಏಳೇ ಯಾಕೆ ಅಂತ ಶಾಝಲಿ ಕೇಳಲಿಲ್ಲ. ಅಪ್ಪನೂ ಹೇಳದೆ ಕಣ್ಣು ಮುಚ್ಚಿದ.

ಪೆಟ್ರೋಲ್ ಬೆಲೆ ಏರಿದ ವರ್ಷ, ಟ್ಯಾಕ್ಸಿ ನಿಲ್ದಾಣಕ್ಕೆ ಪೆಟ್ಟಿಗೆ ಹಿಡಿದ ಒಬ್ಬ ಬಂದ. ಮಾತು ಜೇನಿನಂಥದು. ಅವನಿಂದ ಕೊಂಡ ಎರಡು ಕಪ್ಪು ತುಂಡುಗಳನ್ನು ಶಾಝಲಿ ಮನೆಗೆ ತಂದು ಅಮ್ಮನ ಮುಂದಿಟ್ಟ.

"ಏನೋ ಇದು, ಕತ್ತೆ ಲಾಳದ ಥರ ಇದೆ?" ಅಂದಳು ಅಮ್ಮ.

"ಅಯಸ್ಕಾಂತ ಅಮ್ಮ. ಪೆಟ್ರೋಲ್ ಪೈಪಿಗೆ ಕಟ್ಟೋದು. ಕಮ್ಮಿ ಪೆಟ್ರೋಲ್‌ಗೆ ಜಾಸ್ತಿ ಓಡುತ್ತೆ, ಇಂಜಿನ್‌ಗೆ ಶಕ್ತಿನೂ ಬರುತ್ತೆ."

"ಹಂಗಾದ್ರೆ ಮೊದಲು ನನ್ನ ಸೊಂಟಕ್ಕೆ ಕಟ್ಟು. ಅರ್ಧ ರೊಟ್ಟಿ ತಿಂದು ದಿನವೆಲ್ಲ ದುಡೀತೀನಿ."

ಶಾಝಲಿಯ ಹೆಂಡತಿ ಸನಿಯ್ಯಾ ಸೆರಗು ಬಾಯಿಗೊತ್ತಿ ನಕ್ಕಳು.

"ಬಿಶಾರನ್ನ ಕೇಳಿದ್ಯಾ?" ಅಂದಳು ಅಮ್ಮ. ಬಿಶಾರ ಪೇಟೆಯ ಮೆಕ್ಯಾನಿಕ್, ಅಪ್ಪನ ಕಾಲದಿಂದಲೂ ಆ ಕಾರನ್ನು ಬಲ್ಲವನು.

ಮಾರನೆಯ ದಿನ ಕೇಳಿದ. ಬಿಶಾರ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಹೇಳಿದ: "ಇದು ಕೆಲಸ ಮಾಡೋದಾದ್ರೆ ಕಾರು ಮಾಡಿದವರೇ ಹಾಕಿ ಕೊಡ್ತಿರಲಿಲ್ವೇನೋ? ಅಯಸ್ಕಾಂತ ಕಬ್ಬಿಣ ಎಳೆಯುತ್ತೆ ತಮ್ಮಾ. ಪೆಟ್ರೋಲ್‌ಗೆ ಅದರಿಂದ ಏನೂ ಆಗಲ್ಲ. ನಿನ್ನ ಕಿವಿಗೆ ಹೂ ಇಟ್ಟಿದ್ದಾರೆ. ಆ ದುಡ್ಡಲ್ಲಿ ಮುಳ್ಳು ರಿಪೇರಿ ಮಾಡಿಸಬಹುದಿತ್ತು."

"ಮಾಲು ನಿಂದಲ್ಲ ಅಂತ ನಿನಗೆ ಹೊಟ್ಟೆಯುರಿ ಬಿಡಣ್ಣ," ಅಂದ ಶಾಝಲಿ. ಕಟ್ಟಿಯೇಬಿಟ್ಟ.

ಆ ವಾರ ಅವನು ಕಾರು ಓಡಿಸಿದ್ದನ್ನು ನೋಡಬೇಕಿತ್ತು. ಹಿಂದಿನ ಸೀಟಿನಲ್ಲಿ ಮದುಮಗಳು ಕೂತಿದ್ದಾಳೋ ಅನ್ನುವ ಹಾಗೆ ಮೆಲ್ಲಗೆ, ಹದವಾಗಿ. ಏಳನೆಯ ಬೀಜ ಬಿತ್ತು, ಬಂಕಿಗೆ ಹೋಗಲಿಲ್ಲ. ಗುರುವಾರ ಸಂಜೆ ಎಂಟನೆಯದೂ ಬಿತ್ತು. ಆಗಲೂ ತುಂಬಿಸಲಿಲ್ಲ. ಒಂಬತ್ತು ನೋಡಿಯೇಬಿಡೋಣ ಅನ್ನುವ ಹುಚ್ಚು.

"ಎಂಟು ಅಮ್ಮ. ಈಗೇನಂತೀಯ?"

"ನಿಮ್ಮಪ್ಪ ಏಳಕ್ಕೆ ನಿಲ್ಲಿಸ್ತಿದ್ದರು. ಅವರೇನು ದಡ್ಡರಲ್ಲ."

"ಅಪ್ಪನ ಹತ್ರ ಅಯಸ್ಕಾಂತ ಇರಲಿಲ್ಲ."



ಶುಕ್ರವಾರ ಮಧ್ಯಾಹ್ನ ಊರಿನ ಗಂಡಸರೆಲ್ಲ ಮಸೀದಿಯತ್ತ ಹೊರಟಿದ್ದರು. ಹಿಟ್ಟು ನಾದುತ್ತಿದ್ದ ಅಮ್ಮ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಹಣೆಯಲ್ಲಿ ತಣ್ಣನೆಯ ಬೆವರು. ಶಾಝಲಿ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ, ಸನಿಯ್ಯಾ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಈ ಸಲ ಮೆಲ್ಲಗೆ ಹೋಗುವ ಮಾತೆಲ್ಲಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದ್ದ.

ಅರ್ಧ ದಾರಿಯಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತುಹೋಯಿತು.

ಅವನು ಬಾನೆಟ್ ಎತ್ತಿದ. ಅಯಸ್ಕಾಂತ ಪೈಪನ್ನು ಭದ್ರವಾಗಿ ಕಚ್ಚಿಕೊಂಡಿತ್ತು. ಪೈಪಿನಲ್ಲಿ ಒಂದು ಹನಿ ಪೆಟ್ರೋಲೂ ಇರಲಿಲ್ಲ. ಆ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ನಮಾಜಿನ ಹೊತ್ತು, ರಸ್ತೆಯ ಮೇಲೆ ನರಪಿಳ್ಳೆಯೂ ಇಲ್ಲ. ಅವನು ಆ ಕಡೆ ಸ್ವಲ್ಪ ದೂರ ಓಡಿದ, ಈ ಕಡೆ ಸ್ವಲ್ಪ ದೂರ ಓಡಿದ, ತಿರುಗಿ ಬಂದು ಬಾಗಿಲು ಹಿಡಿದು ನಿಂತ.

"ಎಷ್ಟು ಬೀಜ ಇದೆಯೋ?" ಅಂದಳು ಅಮ್ಮ, ಕಣ್ಣು ತೆರೆಯದೆ.

ಸನಿಯ್ಯಾ ಬಗ್ಗಿ ಬೂದಿತಟ್ಟೆ ನೋಡಿ ಮೆಲ್ಲಗೆ ಹೇಳಿದಳು, "ಎಂಟು."

ಅಮ್ಮ ಬೈಯಲಿಲ್ಲ. "ಬಿಸಿಲಲ್ಲಿ ನಿಲ್ಲಬೇಡ ಮಗಾ, ಒಳಗೆ ಬಾ," ಅಂದಳು. ಅವಳು ಆಡಿದ ಕೊನೆಯ ಮಾತು ಅದೇ.

ಮುಕ್ಕಾಲು ಗಂಟೆಯ ಮೇಲೆ ಮೇವು ತುಂಬಿದ ಗಾಡಿಯೊಂದು ಬಂತು. ಆಸ್ಪತ್ರೆಯಲ್ಲಿ ಶಾಝಲಿ ಡಾಕ್ಟರನ್ನು ಕೇಳಿದ, "ಮುಂಚೆ ಬಂದಿದ್ರೆ?" ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು.

ಸಾವಿನ ಮನೆಗೆ ಬಿಶಾರನೂ ಬಂದ. ಅಲ್ಲಿನ ಪದ್ಧತಿಯಂತೆ ಸಕ್ಕರೆಯಿಲ್ಲದ ಕಾಫಿ ಕುಡಿದು, ಜನರೆಲ್ಲ ಎದ್ದ ಮೇಲೂ ಕೂತಿದ್ದ. ಶಾಝಲಿ ಕೇಳಿದ: "ಒಂದು ಹೇಳಣ್ಣ. ಅದು ಸುಳ್ಳಾದ್ರೆ ಎಂಟನೇ ಸುತ್ತು ಹೆಂಗೆ ಬಂತು?"

ಬಿಶಾರ ಕಾಫಿ ಲೋಟ ಕೆಳಗಿಟ್ಟ. "ಹೇಳಬಾರದು ಅಂತಿದ್ದೆ. ಆ ಲೆಕ್ಕ ನಿಮ್ಮಪ್ಪ ಹಾಕಿದ್ದು ನನ್ನ ಶೆಡ್‌ನಲ್ಲೇ. ತುಂಬಿದ ಟ್ಯಾಂಕಿಗೆ ಪೇಟೆಗೆ ಹೋಗಿಬರೋ ಎಂಟೂವರೆ ಸುತ್ತು ಬರುತ್ತೆ. 'ಏಳಕ್ಕೆ ನಿಲ್ಲಿಸ್ತೀನಿ ಬಿಶಾರ, ಮಿಕ್ಕಿದ್ದು ಕಾಯಿಲೆಯವರ ಪಾಲು. ಯಾವ ಹೊತ್ತಿಗೆ ಯಾರು ಬಾಗಿಲು ತಟ್ತಾರೋ' ಅಂದಿದ್ದ. ಎಂಟನೇ ಸುತ್ತು ಮೊದಲಿಂದಲೂ ನಿನ್ನ ಟ್ಯಾಂಕಿನಲ್ಲೇ ಇತ್ತು ತಮ್ಮಾ. ಮೇಲೆ ಒಂಚೂರು ಉಳಿದಿದ್ದು ನೀನು ಹದವಾಗಿ ಓಡಿಸಿದ್ದಕ್ಕೆ. ಅಯಸ್ಕಾಂತದ್ದು ಏನೂ ಇಲ್ಲ."

ಶಾಝಲಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಊರಿಗಾಗಿ ಎತ್ತಿಟ್ಟಿದ್ದನ್ನು ಅವನು ತನ್ನ ಜಾಣತನ ಅಂದುಕೊಂಡು ಖರ್ಚು ಮಾಡಿದ್ದ. ಆ ಸಲ ಬಾಗಿಲು ತಟ್ಟಿದ್ದು ಅವನ ಹೆತ್ತ ತಾಯಿಯೇ.

ಈಗ ಆ ಕಾರಿನ ಮುಳ್ಳು ನೆಟ್ಟಗಿದೆ. ಆದರೂ ಅವನು ಬೀಜ ಹಾಕುವುದು ಬಿಟ್ಟಿಲ್ಲ, ಏಳಕ್ಕೆ ತುಂಬಿಸುತ್ತಾನೆ. ಆ ಎಂಟನೆಯ ಬೀಜ ಅವನ ಜೇಬಿನಲ್ಲಿದೆ. ನಿಲ್ದಾಣಕ್ಕೆ ಪೆಟ್ಟಿಗೆಯವನು ಬಂದಾಗಲೆಲ್ಲ ಉಳಿದ ಡ್ರೈವರುಗಳ ಅಂಗೈಗೆ ಅದನ್ನಿಟ್ಟು, "ನನ್ನ ಅಮ್ಮನ್ನ ಕೇಳ್ರಪ್ಪ," ಅನ್ನುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಪೆಟ್ಟಿಗೆಯವನು ನಿಮ್ಮೂರಿಗೂ ಬಂದಾನು. ಅಯಸ್ಕಾಂತವೋ, ದೀಪ ಮಿಣುಕುವ ಡಬ್ಬಿಯೋ, ಟ್ಯಾಂಕಿಗೆ ಹಾಕುವ ಗುಳಿಗೆಯೋ ತಂದಾನು. ಪೆಟ್ರೋಲ್ ಉಳಿಯಬೇಕಾ? ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಏರ್ ಫಿಲ್ಟರ್ ಚೊಕ್ಕ ಮಾಡಿಸಿ, ಆಕ್ಸಿಲರೇಟರಿನ ಮೇಲೆ ಕಾಲು ಹಗುರವಾಗಿಡಿ. ಮನೆಯ ಮುಂದೆ ನಿಂತ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುವಷ್ಟು ಯಾವಾಗಲೂ ಇರಲಿ. ದುಡ್ಡು ಬಿಚ್ಚುವ ಮುಂಚೆ ನಿಮ್ಮ ಗಾಡಿ ಬಲ್ಲ ಮೆಕ್ಯಾನಿಕ್ಕನ್ನು ಒಂದು ಮಾತು ಕೇಳಿ. ಅವನು ಬೇಡ ಅಂದರೆ, ದಯವಿಟ್ಟು, ಅವನ ಮಾತು ನಂಬಿ.