ಬಿಟ್ಟ ಸಾಲು

"ಅಜ್ಜಿ ಹೆಸರು ಸಿಕ್ತಾ ಮೇಷ್ಟ್ರೇ?" ದರ್ಜಿ ಹೆಂಗಸು ಮೇಜಿನಾಚೆ ನಿಂತೇ ಕೇಳಿದಳು. ಪಕ್ಕದಲ್ಲಿ ಕುರ್ಚಿ ಖಾಲಿಯಿತ್ತು. ಮೇಷ್ಟ್ರ ಎದುರು ಕೂತು ಅವಳಿಗೆ ಅಭ್ಯಾಸವಿಲ್ಲ.

ಭೂದಾಖಲೆ ಕಚೇರಿಯ ಹಳೇ ಪುಸ್ತಕಗಳ ಕೈಬರಹ ಈಗಿನ ಗುಮಾಸ್ತರಿಗೆ ತಲೆಬುಡ ಅರ್ಥವಾಗದು. ನಿವೃತ್ತ ಮೇಷ್ಟ್ರಿಗೋ ಅದು ನೀರು ಕುಡಿದಷ್ಟು ಸಲೀಸು. ಆಗದೆ ಏನು, ಅವುಗಳಲ್ಲಿ ಅರ್ಧ ಬರೆದವರೇ ಶಾನುಭೋಗರಾಗಿದ್ದ ಅವರ ತಾತ. ಮೊಮ್ಮಗನ ಕೈ ಹಿಡಿದು ಅದೇ ಅಕ್ಷರ ತಿದ್ದಿಸಿದವರೂ ಅವರೇ. ಹಿರೀಕರನ್ನು ಹುಡುಕಿಕೊಂಡು ಬಂದವರಿಗೆಲ್ಲ ಮೇಷ್ಟ್ರೇ ಗತಿ. ಈ ದರ್ಜಿಯಂತೂ ಅವರ ಹಿತ್ತಲ ಕೋಣೆಯಲ್ಲೇ ಇರುವವಳು. "ನಿಮ್ಮಜ್ಜಿಗೆ ದಿಕ್ಕಿರ್ಲಿಲ್ಲ, ನಮ್ ತಾತ ಜಾಗ ಕೊಟ್ರು" ಎಂದು ಅವಳಿಗೆ ಎಷ್ಟು ಸಲ ಹೇಳಿದ್ದರೋ. ಅವಳು ಪ್ರತಿ ಸಲವೂ ತಲೆಯಾಡಿಸಿದ್ದಳು.

ಹೆಸರು ಸಿಕ್ಕಿತ್ತು. ತಾವೀಗ ಇರುವ ಮನೆ, ಹಿತ್ತಲು, ಬಾವಿ, ಎಲ್ಲವೂ ಆ ಅಜ್ಜಿಯದೇ. ಕೆಳಗೆ ತಾತನದೇ ಅಕ್ಷರ: 'ಮಾಲೀಕಳು ಮೃತ. ವಾರಸುದಾರರಿಲ್ಲ. ಜಾಗ ನನ್ನ ಹೆಸರಿಗೆ.' ಇಸವಿ ನೋಡಿದರು. ತಾವು ಹುಟ್ಟಿದ ವರ್ಷ. ತಮಗೆ ಬುದ್ಧಿ ಬಂದ ಮೇಲೂ ಆ ಅಜ್ಜಿ ಮಗಳನ್ನು ಜೊತೆಗಿಟ್ಟುಕೊಂಡು ತಮ್ಮ ಮನೆಯ ಪಾತ್ರೆ ತಿಕ್ಕುತ್ತಿದ್ದಳಲ್ಲ! ಮೇಷ್ಟ್ರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೆಸರನ್ನಷ್ಟೇ ಓದಿ ಹೇಳಿದರು. ಅವಳು ಅದನ್ನು ಎರಡು ಸಲ ಹೇಳಿಕೊಂಡಳು.

"ಎಷ್ಟು ಚೆಂದದ ಹೆಸರಿತ್ತು ನೋಡಿ. ಪಾಪ, ಹಿತ್ತಲಜ್ಜಿ ಅನ್ನಿಸಿಕೊಂಡೇ ಸತ್ಲು. ಕೆಳಗೂ ಏನೋ ಬರ್ದಿದೆಯಲ್ಲ?"

"ಅದು ಶಾಯಿ ಹರಡಿಬಿಟ್ಟಿದೆ. ಓದೋಕಾಗಲ್ಲ."

"ನಿಮಗೇ ಆಗದಿದ್ರೆ ಇನ್ಯಾರಿಗಾಗುತ್ತೆ, ಬಿಡಿ."

ಗುಮಾಸ್ತ ಎಂದಿನಂತೆ ಚೀಟಿ ಮುಂದಿಟ್ಟ. "ಪೂರ್ತಿ ಓದಿ ಹೇಳಿದ್ದೇನೆ ಅಂತ ಬರ್ದು ಸೈನ್ ಹಾಕ್ಬಿಡಿ ಮೇಷ್ಟ್ರೇ."

ಮೇಷ್ಟ್ರು ಬರೆಯತೊಡಗಿದರು. ಅವಳು ಬಗ್ಗಿ ಚೀಟಿ ನೋಡಿದಳು, ಪುಸ್ತಕ ನೋಡಿದಳು.

"ನಿಮ್ಮಕ್ಷರ ಥೇಟ್ ಆ ಕೆಳಗಿನ ಸಾಲಿನ ಥರಾನೇ ಇದೆ," ಎಂದಳು ಮೆಚ್ಚಿಕೊಂಡು.

ಪೆನ್ನು ಅಲ್ಲೇ ನಿಂತಿತು. ಮೇಷ್ಟ್ರು ಚೀಟಿಯನ್ನು ಪಕ್ಕಕ್ಕೆ ಸರಿಸಿ, ಮುಚ್ಚಿದ್ದ ಕನ್ನಡಕದ ಡಬ್ಬಿಯನ್ನು ಸುಮ್ಮನೆ ತೆರೆದು ಮತ್ತೆ ಮುಚ್ಚಿದರು. ಕನ್ನಡಕ ಮೂಗಿನ ಮೇಲೇ ಇತ್ತು.

"ಕೂತ್ಕೋಮ್ಮ," ಎಂದರು. "ಒಂದು ಸಾಲು ಬಿಟ್ಟಿದೀನಿ."

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಎಲ್ಲೂ ಶಾಯಿ ಹರಡಿರದ ಆ ಸಾಲಿನ ಕೆಳಗೆ ಮೇಷ್ಟ್ರು ಬೆರಳಿಟ್ಟರು.