ಪಾಯಿಂಟ್ ನಲವತ್ತು

ತಂಗಿಗೆ ಆ ಶೂಟಿಂಗ್ ಆಟ ಹೇಳಿಕೊಟ್ಟವಳು ಅಕ್ಕನೇ. ಗೋಡೆ ಮರೆಯಲ್ಲಿ ನಿಲ್ಲುವುದು, ಎದುರಾಳಿಯ ಹೆಜ್ಜೆ ಸದ್ದಿಗೆ ಕಿವಿಗೊಡುವುದು, ತಲೆಗೇ ಗುರಿಯಿಡುವುದು, ಎಲ್ಲವನ್ನೂ ಪಕ್ಕದಲ್ಲಿ ಕೂತು ಕಲಿಸಿದ್ದಳು. ನನ್ನನ್ನೇ ಮೀರಿಸು ಎಂದು ಮಾತ್ರ ಹೇಳಿರಲಿಲ್ಲ.

ಅದರಲ್ಲೂ ಅಕ್ಕನನ್ನು ಕಾಡಿದ್ದು ಸೆನ್ಸಿಟಿವಿಟಿ. ಮೌಸ್ ಇಷ್ಟು ಸರಿಸಿದರೆ ಸ್ಕ್ರೀನಿನ ಮೇಲೆ ಗುರಿ ಎಷ್ಟು ಓಡಬೇಕು ಎಂಬ ಲೆಕ್ಕ ಅದು. ಜಾಸ್ತಿಯಿಟ್ಟರೆ ಗುರಿ ತಲೆಯನ್ನು ದಾಟಿ ಹೋಗುತ್ತದೆ, ಕಡಿಮೆಯಿಟ್ಟರೆ ತಲುಪುವುದೇ ಇಲ್ಲ. ಅಕ್ಕ ಇವತ್ತೊಂದು ಅಂಕಿ, ನಾಳೆಯೊಂದು ಅಂಕಿ ಎಂದು ವರ್ಷಗಟ್ಟಲೆ ತಿಣುಕಾಡುತ್ತಿದ್ದಳು. ತಂಗಿ ಬಂದವಳೇ ಪಾಯಿಂಟ್ ನಲವತ್ತು ಎಂದು ಒತ್ತಿದಳು, ಆಮೇಲೆ ಆ ಕಡೆ ತಲೆಯೇ ಹಾಕಲಿಲ್ಲ. ಕೆಲವರಿಗೆ ಅಂಗಡಿಯಲ್ಲಿ ಮೊದಲು ಮೆಟ್ಟಿದ ಚಪ್ಪಲಿಯೇ ಹೊಂದಿಬಿಡುತ್ತದಲ್ಲ, ಹಾಗೆ. ಅಕ್ಕನ ಹೊಟ್ಟೆ ಉರಿಯಿತು.

ಉರಿಗೆ ತುಪ್ಪ ಸುರಿದವನು ಆ ಆಟದ ತಂಡವೊಂದರ ನಾಯಕ, ಹಗಲು ಕನ್ನಡಕ ಮಾರುವವನು. ಪಂದ್ಯಾವಳಿಗೆ ಐದು ಜನ ಬೇಕು, ಒಂದು ಜಾಗ ಖಾಲಿಯಿದೆ, ಭಾನುವಾರ ಇಬ್ಬರನ್ನೂ ಆಡಿಸಿ ನೋಡಿ ಒಬ್ಬರನ್ನು ಸೇರಿಸಿಕೊಳ್ಳುತ್ತೇನೆ ಎಂದ. ಹಾಗೆನ್ನುವಾಗ ಅವನು ನೋಡುತ್ತಿದ್ದದ್ದು ತಂಗಿಯನ್ನು.

ತಂಗಿ ಮಕ್ಕಳ ವಾರ್ಡಿನಲ್ಲಿ ನರ್ಸು. ಹಸುಗೂಸಿನ ನರ ಹುಡುಕಿ ಸೂಜಿ ಚುಚ್ಚಬೇಕೆಂದರೆ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಅವಳು ಡ್ಯೂಟಿಗೆ ಹೋದ ಹೊತ್ತಿನಲ್ಲಿ ಅಕ್ಕ ಅವಳ ಕಂಪ್ಯೂಟರಿನಲ್ಲಿ ನಲವತ್ತನ್ನು ನಲವತ್ತೈದು ಮಾಡಿದಳು. ಇನ್ನೂ ಏರಿಸಿದರೆ ಗೊತ್ತಾಗಿಬಿಡುತ್ತಿತ್ತು. ಹೊಟ್ಟೆಕಿಚ್ಚಿಗೆ ಬುದ್ಧಿ ಇಲ್ಲ ಎಂದವರು ಯಾರು?

ಆವತ್ತಿನಿಂದ ತಂಗಿಯ ಗುರಿ ತಲೆಗಳನ್ನು ದಾಟಿ ಗೋಡೆಗೆ ಬಡಿಯತೊಡಗಿತು. ಮೊದಲು ನಿದ್ದೆಗೆಟ್ಟಿದ್ದಕ್ಕೆ ಎಂದು ನಕ್ಕಳು. ಆಮೇಲೆ ನಗಲಿಲ್ಲ. ಊಟಕ್ಕೆ ಕೂತಾಗ ಬಲಗೈ ಚಾಚಿ ಬೆರಳುಗಳನ್ನೇ ನೋಡುತ್ತಿದ್ದಳು. ಅವರಪ್ಪನಿಗೆ ಕೈ ನಡುಗುವ ಕಾಯಿಲೆಯಿತ್ತು. ಕೊನೆಕೊನೆಗೆ ಅಂಗಿಯ ಗುಂಡಿಯನ್ನೂ ಹೆಣ್ಣುಮಕ್ಕಳಿಬ್ಬರೇ ಹಾಕಬೇಕಿತ್ತು. ತಂಗಿ ಏನು ಯೋಚಿಸುತ್ತಿದ್ದಾಳೆಂದು ಅಕ್ಕನಿಗೆ ಅರ್ಥವಾಯಿತು. ಅರ್ಥವಾದರೂ ಊಟ ಮುಗಿಸಿ, ಕೈ ತೊಳೆದು ಎದ್ದಳು.

ಶನಿವಾರ ಬೆಳಿಗ್ಗೆ ತಂಗಿ, ಇನ್ನು ಮೇಲೆ ಮಕ್ಕಳಿಗೆ ಸೂಜಿ ಚುಚ್ಚುವ ಕೆಲಸ ನನಗೆ ಕೊಡಬೇಡಿ ಎಂದು ಹೆಡ್ ನರ್ಸಿಗೆ ಹೇಳಿ ಬಂದಿದ್ದೇನೆ ಎಂದಳು.

"ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಅಕ್ಕ. ಪಾಪ, ಆ ಕೂಸುಗಳು ಏನು ಮಾಡಿದ್ವು?"

ತಂಗಿ ಸ್ನಾನಕ್ಕೆ ಹೋದದ್ದೇ ತಡ, ಅಕ್ಕ ನಲವತ್ತೈದನ್ನು ಮತ್ತೆ ನಲವತ್ತು ಮಾಡಿದಳು. ಈಗ ಆಡಿದರೆ ಕೈ ಸರಿಯಾಯಿತೆಂದು ಅವಳೇ ತಿಳಿಯುತ್ತಾಳೆ, ಯಾರಿಗೂ ಏನೂ ಹೇಳಬೇಕಿಲ್ಲ. ಎಂಥಾ ಜಾಣೆ!

ಆದರೆ ತಂಗಿಯ ಕೈ, ಪಾಪ, ವಾರವಿಡೀ ಒದ್ದಾಡಿ ನಲವತ್ತೈದಕ್ಕೇ ಒಗ್ಗಿಕೊಂಡಿತ್ತು. ಸ್ನಾನ ಮುಗಿಸಿ ಬಂದು ಆಡಿದರೆ ಗುರಿ ತಲೆಯ ಈಚೆಗೇ ನಿಂತುಬಿಟ್ಟಿತು. ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ. ತಂಗಿ ಮೌಸ್ ಬಿಟ್ಟು ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಮೊದಲು ಮುಂದೆ ಹೋಗ್ತಿತ್ತು, ಈಗ ಮುಟ್ತಾನೇ ಇಲ್ಲ. ಅಪ್ಪಂಗೂ ಹೀಗೇ ಅಲ್ವಾ ಶುರುವಾಗಿದ್ದು?"

ಬಾಯಿ ಮುಚ್ಚಿಕೊಂಡಿದ್ದರೆ ತಂಡದ ಆ ಜಾಗ ಅಕ್ಕನದೇ. ಆ ಹೊತ್ತಿನಲ್ಲೂ ಅವಳಿಗೆ ಅದು ಹೊಳೆಯಿತು. ಹೊಳೆದದ್ದು ನಿಜ, ಸುಳ್ಳು ಯಾಕೆ ಹೇಳಬೇಕು?

"ನಿನ್ನ ಕೈಗೆ ಏನೂ ಆಗಿಲ್ಲ ಕಣೇ," ಎಂದಳು. "ಸೆನ್ಸಿಟಿವಿಟಿ ಏರಿಸಿದ್ದು ನಾನು. ಈಗ ಇಳಿಸಿದ್ದೂ ನಾನೇ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ಕೂತಳು. ಬೈಗುಳ ಬರಲಿಲ್ಲ.

"ಹಾಗಾದ್ರೆ ನಂಗೆ ಅಪ್ಪನ ಕಾಯಿಲೆ ಇಲ್ಲ?"

"ಇಲ್ಲ."

ತಂಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದು, ಹೆಡ್ ನರ್ಸಿಗೆ ಫೋನ್ ಮಾಡಿ, ಸೋಮವಾರದಿಂದ ಸೂಜಿಗೆ ನನ್ನನ್ನೇ ಕರೆಯಿರಿ ಎಂದಳು. ಅಕ್ಕನ ಜೊತೆ ಆವತ್ತು ಒಂದು ಮಾತೂ ಆಡಲಿಲ್ಲ.

ಭಾನುವಾರ ತಂಡಕ್ಕೆ ಸೇರಿದವಳು ತಂಗಿಯೇ. ಒಂದೇ ದಿನದಲ್ಲಿ ಆ ಕೈಗೆ ಹಳೆಯದೆಲ್ಲ ನೆನಪಾಗಿಬಿಟ್ಟಿತ್ತು. ಇಷ್ಟಾದ ಮೇಲೂ ಗೆದ್ದಳಲ್ಲ ಎಂದು ಅಕ್ಕನ ಹೊಟ್ಟೆ ಮತ್ತೆ ಉರಿಯಿತು. ನಾಚಿಕೆಯೂ ಆಯಿತು, ಆದರೆ ಉರಿದದ್ದು ಉರಿಯಿತು.

ಇಬ್ಬರ ಮೇಜುಗಳು ಈಗಲೂ ಅಕ್ಕಪಕ್ಕದಲ್ಲೇ ಇವೆ. ಮಾತಿದೆ, ನಗು ಇದೆ. ಆದರೆ ತಂಗಿ ಆಟಕ್ಕೆ ಕೂತಾಗಲೆಲ್ಲ ಮೊದಲು ಸೆಟ್ಟಿಂಗ್ಸ್ ತೆರೆದು ಆ ಅಂಕಿಯನ್ನು ನೋಡುತ್ತಾಳೆ.

ಒಂದು ದಿನ ಅಕ್ಕನಿಗೆ ತಡೆಯಲಾಗಲಿಲ್ಲ. "ನಾನು ಮುಟ್ಟಿಲ್ಲ ಕಣೇ," ಎಂದಳು.

"ಗೊತ್ತು ಅಕ್ಕ," ಎಂದಳು ತಂಗಿ ಮೆತ್ತಗೆ.

ಮರುದಿನ ಕೂತಾಗಲೂ ಮೊದಲು ಅದನ್ನೇ ನೋಡಿದಳು.